ಲಿಥಿಯಂ ಬ್ಯಾಟರಿ ರವಾನೆ: ಸೀಲ್ ಬೀಳುವ ಮುನ್ನ ಆಗಬೇಕಾದ ತಪಾಸಣೆ

2020ರ ಜನವರಿ 4ರಂದು 'ಕಾಸ್ಕೋ ಪೆಸಿಫಿಕ್' ಎಂಬ ಕಂಟೇನರ್ ಹಡಗಿನಲ್ಲಿ ಬೆಂಕಿ ಕಾಣಿಸಿಕೊಂಡಿತು. ಉರಿದದ್ದು ಚೀನಾದ ನಾನ್ಶಾ ಬಂದರಿನಲ್ಲಿ ಹೇರಿ, ಮುಂಬಯಿ ಬಳಿಯ ನವಾ ಶೇವಾಕ್ಕೆ ಕಳುಹಿಸಿದ್ದ ಕಂಟೇನರು. ಅದರೊಳಗಿದ್ದುದು ಲಿಥಿಯಂ ಬ್ಯಾಟರಿಗಳು. ದಾಖಲೆಯಲ್ಲಿ ನಮೂದಾಗಿದ್ದುದು 'ಬಿಡಿಭಾಗಗಳು ಮತ್ತು ಪರಿಕರಗಳು'. ಸರಕನ್ನು ಸರಿಯಾಗಿ ಘೋಷಿಸಿರಲಿಲ್ಲವೆಂದು ಹಡಗು ಕಂಪನಿ ಬಹಿರಂಗವಾಗಿಯೇ ತಿಳಿಸಿತು. ಭಾರತದ ಮಾರುಕಟ್ಟೆಗೆಂದು ಹೊರಟಿದ್ದ ಸರಕಿನಿಂದಲೇ ಈ ಅವಘಡ ಸಂಭವಿಸಿತೆಂಬುದನ್ನು ಇಲ್ಲಿನ ಆಮದುದಾರರೂ, ಈಚೆಗೆ ಬ್ಯಾಟರಿ ಪ್ಯಾಕ್ ಜೋಡಿಸಿ ರಫ್ತಿಗೆ ಕೈಹಾಕಿರುವ ಸಣ್ಣ ತಯಾರಕರೂ ಗಮನಿಸತಕ್ಕದ್ದು.

ಲಿಥಿಯಂ ಅಯಾನ್ ಸೆಲ್ಲು ಸ್ವಭಾವತಃ ಬೇರೆ ಸರಕುಗಳಂತಲ್ಲ. ಒಂದು ಸೆಲ್ಲಿನೊಳಗೆ ಶಾರ್ಟ್ ಆದರೆ ಶಾಖ ಏರುತ್ತದೆ. ಆ ಶಾಖವೇ ಒಳಗಿನ ರಾಸಾಯನಿಕ ಕ್ರಿಯೆಯನ್ನು ಕೆರಳಿಸಿ ಮತ್ತಷ್ಟು ಶಾಖವನ್ನು ಹುಟ್ಟಿಸುತ್ತದೆ. ಸುಡುವ ಅನಿಲ ಹೊರಬಿದ್ದು ಪಕ್ಕದ ಸೆಲ್ಲೂ ಹೊತ್ತಿಕೊಳ್ಳುತ್ತದೆ. ಹಡಗಿನ ಸರಕು ಕೋಣೆಗೆ ಇಂಗಾಲದ ಡೈಆಕ್ಸೈಡ್ ತುಂಬಿ ಬೆಂಕಿಯ ಉಸಿರುಗಟ್ಟಿಸುವ ವ್ಯವಸ್ಥೆ ಹತ್ತಿಗೋ ಕಾಗದಕ್ಕೋ ತಕ್ಕುದೇ ಹೊರತು, ಬ್ಯಾಟರಿಯನ್ನು ಅದು ತಣ್ಣಗಾಗಿಸದು. ಆರಿತೆಂದು ತಿಳಿದ ಪೆಟ್ಟಿಗೆ ಮತ್ತೆ ಹೊತ್ತಿಕೊಳ್ಳುವುದುಂಟು. ನಡುಗಡಲಿನಲ್ಲಿ ಅದನ್ನು ಎದುರಿಸಬೇಕಾದವರು ಇಪ್ಪತ್ತು ಚಿಲ್ಲರೆ ಮಂದಿ ನಾವಿಕರು ಮಾತ್ರ.

ಈ ಕಾರಣದಿಂದಲೇ ಅಂತರರಾಷ್ಟ್ರೀಯ ಸಮುದ್ರಯಾನ ಸಂಸ್ಥೆಯ ಐಎಂಡಿಜಿ ಸಂಹಿತೆಯು ಲಿಥಿಯಂ ಬ್ಯಾಟರಿಗಳನ್ನು ಒಂಬತ್ತನೆಯ ವರ್ಗದ ಅಪಾಯಕಾರಿ ಸರಕೆಂದು ಪರಿಗಣಿಸಿದೆ. ಬಿಡಿಯಾಗಿ ಹೋಗುವ ಲಿಥಿಯಂ ಅಯಾನ್ ಬ್ಯಾಟರಿಗೆ ಯುಎನ್ 3480, ಉಪಕರಣದೊಳಗೆ ಇಲ್ಲವೇ ಉಪಕರಣದೊಂದಿಗೆ ಹೋಗುವುದಕ್ಕೆ ಯುಎನ್ 3481 ಎಂಬ ಸಂಖ್ಯೆಗಳಿವೆ. 100 ವ್ಯಾಟ್-ಅವರ್ ಮೀರದ ಸಣ್ಣ ಬ್ಯಾಟರಿಗಳಿಗೆ ಕೆಲವು ರಿಯಾಯಿತಿಗಳುಂಟು. 3.7 ವೋಲ್ಟ್, 10 ಆಂಪಿಯರ್-ಅವರ್‌ನ ಪವರ್ ಬ್ಯಾಂಕು 37 ವ್ಯಾಟ್-ಅವರ್ ಆಗಿ ಈ ಮಿತಿಯೊಳಗೆ ಬರುತ್ತದೆ. ಆದರೆ 48 ವೋಲ್ಟ್, 30 ಆಂಪಿಯರ್-ಅವರ್‌ನ ಸ್ಕೂಟರ್ ಪ್ಯಾಕು 1,440 ವ್ಯಾಟ್-ಅವರ್. ಅದಕ್ಕೆ ಸಂಹಿತೆಯ ಪೂರ್ಣ ನಿಯಮಗಳು ಅನ್ವಯಿಸುತ್ತವೆ. ರಿಯಾಯಿತಿ ಇರುವ ಬ್ಯಾಟರಿಗೂ ಪರೀಕ್ಷೆ ತಪ್ಪಿದ್ದಲ್ಲವೆಂಬುದನ್ನು ಅನೇಕರು ಮರೆಯುತ್ತಾರೆ.

ಸಣ್ಣ ತಯಾರಕರು ಎಡವುವುದೂ ಈ ಪರೀಕ್ಷೆಯ ವಿಷಯದಲ್ಲಿಯೇ. ಯುಎನ್ 38.3 ಎಂದು ಕರೆಯಲಾಗುವ ಪರೀಕ್ಷೆಯಲ್ಲಿ ಎತ್ತರದ ಒತ್ತಡ, ತಾಪದ ಏರಿಳಿತ, ಕಂಪನ, ಆಘಾತ, ಹೊರಗಿನ ಶಾರ್ಟ್, ಅತಿಯಾದ ಚಾರ್ಜ್ ಮುಂತಾದ ಎಂಟು ಹಂತಗಳಿವೆ. 2020ರ ಜನವರಿಯಿಂದ ಇದರ ಸಾರಾಂಶ ಪತ್ರವನ್ನು ತಯಾರಕರೂ ವಿತರಕರೂ ಕೇಳಿದಾಗ ಒದಗಿಸಬೇಕು. ಪರೀಕ್ಷೆಗೊಳಗಾದ ಸೆಲ್ಲುಗಳನ್ನು ಕೊಂಡು, ತನ್ನ ಷೆಡ್ಡಿನಲ್ಲಿ ಜೋಡಿಸಿ, ಸೆಲ್ ಪೂರೈಸಿದವರ ಪ್ರಮಾಣಪತ್ರವನ್ನೇ ಲಗತ್ತಿಸಿದರೆ ಸಾಕೆಂದು ಉದ್ಯಮಿ ಭಾವಿಸುತ್ತಾನೆ. ಸಂಹಿತೆಯ ನಿಲುವು ಇದಕ್ಕೆ ತದ್ವಿರುದ್ಧ: ಒಳಗಿನ ಸೆಲ್ಲುಗಳು ಪರೀಕ್ಷಿತವಾಗಿದ್ದರೂ ಜೋಡಿಸಿದ ಪ್ಯಾಕು ಪ್ರತ್ಯೇಕವಾಗಿ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ನೂರನ್ನು ಮೀರದ ಸಣ್ಣ ಉತ್ಪಾದನಾ ಕಂತುಗಳಿಗೆ ವಿನಾಯಿತಿ ಇದೆಯಾದರೂ ಅಂಥವುಗಳ ಪ್ಯಾಕಿಂಗ್ ಇನ್ನೂ ಬಿಗಿಯಾಗಿರಬೇಕು.

ಹಾಗಾದರೆ ತಪಾಸಣೆ ಎಲ್ಲಿ ನಡೆಯಬೇಕು? ಬಂದರಿನಲ್ಲಿ, ಎಂಬುದು ಸಾಮಾನ್ಯ ಉತ್ತರ. ಅದು ಸಾಲದು. 2021ರ ಆಗಸ್ಟ್‌ನಲ್ಲಿ ಅಮೆರಿಕದ ವರ್ಜೀನಿಯಾ ಬಂದರಿಗೆ ಹೊರಟಿದ್ದ, ಹಳೆಯ ಲಿಥಿಯಂ ಬ್ಯಾಟರಿಗಳ ಕಂಟೇನರು ಹೆದ್ದಾರಿಯಲ್ಲೇ ಹೊತ್ತಿ ಉರಿಯಿತು. ಶಾಖಕ್ಕೆ ಕಂಟೇನರಿನ ಲೋಹದಲ್ಲೇ ತೂತು ಬಿತ್ತು. ಬಿಲ್ ಆಫ್ ಲೇಡಿಂಗ್‌ನಲ್ಲಿದ್ದುದು 'ಕಂಪ್ಯೂಟರ್ ಭಾಗಗಳು'. ಬಂದರಿನ ಬಾಗಿಲಲ್ಲಿ ಎಷ್ಟೇ ಸಮರ್ಥ ಅಧಿಕಾರಿಗಳಿದ್ದರೂ ಆ ಬೆಂಕಿಯನ್ನು ತಡೆಯುತ್ತಿರಲಿಲ್ಲ. ಕಸ್ಟಮ್ಸ್ ಇಲಾಖೆಯ ದೃಷ್ಟಿ ಮುಖ್ಯವಾಗಿ ಸುಂಕ, ಮೌಲ್ಯ, ನಿಷೇಧಗಳ ಮೇಲಿರುತ್ತದೆಯೇ ವಿನಾ ಟರ್ಮಿನಲ್ಲಿಗೆ ಟೋಪಿ ಹಾಕಿದೆಯೇ ಎಂಬುದರ ಮೇಲಲ್ಲ. ಸೀಲು ಬಿದ್ದ ಕಂಟೇನರು ಎಲ್ಲರ ಪಾಲಿಗೂ ಬರಿಯ ಕಾಗದ. ಆದುದರಿಂದ ನಿಜವಾದ ತಪಾಸಣೆ ರವಾನೆದಾರನ ಗೋದಾಮಿನಲ್ಲಿ, ಬಾಗಿಲು ಮುಚ್ಚುವ ಮುನ್ನ ನಡೆಯಬೇಕು.

ಅಲ್ಲಿ ನೋಡಬೇಕಾದುದು ಕಷ್ಟದ ಕೆಲಸವೇನಲ್ಲ. ಊದಿಕೊಂಡ, ತಗ್ಗುಬಿದ್ದ, ಸೋರಿದ ಪ್ಯಾಕುಗಳನ್ನು ಬೇರ್ಪಡಿಸಬೇಕು; ಅವುಗಳಿಗೆ ಪ್ರತ್ಯೇಕ ಪ್ಯಾಕಿಂಗ್ ನಿಯಮವಿದೆ, ಒಳ್ಳೆಯ ಮಾಲಿನೊಂದಿಗೆ ಅವು ಹೋಗಲೇಬಾರದು. ಟರ್ಮಿನಲ್‌ಗಳು ಒಂದಕ್ಕೊಂದು ತಾಗದಂತಿರಬೇಕು. ಪೆಟ್ಟಿಗೆ ಯುಎನ್ ಗುರುತಿನದಾಗಿರಬೇಕು. ಅದರ ಮೇಲೆ ಬ್ಯಾಟರಿ ಚಿತ್ರವಿರುವ 9ಎ ಲೇಬಲ್ಲು ಇರಬೇಕು. ಕಂಟೇನರಿನ ಹೊರಮೈಗೆ ಹಚ್ಚುವುದು ಮಾತ್ರ ಸಾಮಾನ್ಯ 9ರ ಫಲಕ; ಅಲ್ಲಿಯೂ 9ಎ ಅಂಟಿಸಿ ತೊಂದರೆಗೊಳಗಾಗುವವರಿದ್ದಾರೆ. ಸಾಲುಗಳು ಅಲುಗದಂತೆ ಬಿಗಿದಿರಬೇಕು. ಕಂಟೇನರ್ ತುಂಬಿದ ಪ್ರಮಾಣಪತ್ರಕ್ಕೆ ಸಹಿ ಹಾಕುವಾತ ಇವೆಲ್ಲವನ್ನೂ ಕಣ್ಣಾರೆ ಕಂಡಿರಬೇಕು. ಸಂಜೆ ಕಚೇರಿಯಲ್ಲಿ ಕುಳಿತು, ಹಿಂದಿನ ತಿಂಗಳ ಪತ್ರದ ದಿನಾಂಕವನ್ನಷ್ಟೇ ಬದಲಿಸಿ ಸಹಿ ಹಾಕುವ ರೂಢಿ ಎಲ್ಲೆಲ್ಲಿಯೂ ಇದೆ. ಅಮೆರಿಕದ ನ್ಯಾಷನಲ್ ಕಾರ್ಗೋ ಬ್ಯೂರೋ ಸುಮಾರು 500 ಕಂಟೇನರುಗಳನ್ನು ತೆರೆಯಿಸಿ ನೋಡಿ, ಶೇಕಡ 55ರಲ್ಲಿ ಒಂದಲ್ಲ ಒಂದು ಲೋಪವಿತ್ತೆಂದು 2020ರಲ್ಲಿ ವರದಿ ಮಾಡಿತು.

ತಪ್ಪು ಘೋಷಣೆಯಿಂದ ಉಳಿಯುವುದು ಅಪಾಯಕಾರಿ ಸರಕಿನ ಹೆಚ್ಚುವರಿ ಬಾಡಿಗೆ ಮತ್ತು ಕೆಲವು ದಿನಗಳ ಅವಧಿ. ಎದುರಿನ ಬದಿಯಲ್ಲಿರುವ ಹೊಣೆಗೆ ಮಿತಿಯಿಲ್ಲ. ಹೇಗ್ ನಿಯಮಗಳ ಪ್ರಕಾರ, ಸ್ವರೂಪ ತಿಳಿಸದೆ ಹೇರಿದ ಅಪಾಯಕಾರಿ ಸರಕನ್ನು ಹಡಗಿನವರು ಪರಿಹಾರ ಕೊಡದೆ ನಾಶಪಡಿಸಬಹುದು. ಅದರಿಂದ ಉಂಟಾದ ಎಲ್ಲ ನಷ್ಟಕ್ಕೂ ರವಾನೆದಾರನೇ ಹೊಣೆ. ಎಫ್‌ಒಬಿ ಮಾರಾಟವಾದುದರಿಂದ ಮುಂದಿನದು ಕೊಂಡವನ ಪಾಲೆಂದು ನೆಮ್ಮದಿ ಪಡುವಂತಿಲ್ಲ. ಬಿಲ್ ಆಫ್ ಲೇಡಿಂಗ್‌ನಲ್ಲಿ ರವಾನೆದಾರನೆಂದು ಯಾರ ಹೆಸರಿದೆಯೋ ಅವನನ್ನೇ ಹಡಗು ಕಂಪನಿ ಹಿಡಿಯುತ್ತದೆ. 1963ರ ಸಾಗರ ವಿಮಾ ಕಾಯಿದೆಯು ಪರಮ ಸದ್ಭಾವನೆಯನ್ನು ಬೇಡುವುದರಿಂದ, ಮುಖ್ಯ ಸಂಗತಿಯನ್ನು ಮುಚ್ಚಿಟ್ಟವನ ಪಾಲಿಸಿಯನ್ನು ವಿಮಾ ಕಂಪನಿ ತಿರಸ್ಕರಿಸಬಹುದು. ಒಂದು ಜರ್ಮನ್ ಹಡಗು ಕಂಪನಿ 2019ರಲ್ಲಿ ಕಂಟೇನರಿಗೆ 15,000 ಡಾಲರ್ ದಂಡವನ್ನೂ ಘೋಷಿಸಿತು. ಯಾವ ಲೆಡ್ಜರಿನಲ್ಲಿಯೂ ಕಾಣದ ಸಂಭಾವ್ಯ ಹೊಣೆಯಿದು.

ನಿರಪರಾಧಿಗಳೂ ಪಾರಾಗರು. 2018ರ ಮಾರ್ಚಿನಲ್ಲಿ ಅರಬ್ಬಿ ಸಮುದ್ರದಲ್ಲಿ 'ಮಾರ್ಸ್ಕ್ ಹೊನಾಮ್' ಹಡಗು ಹೊತ್ತಿ ಐವರು ನಾವಿಕರು ಪ್ರಾಣ ತೆತ್ತರು. ಅಲ್ಲಿ ಸಂಶಯಕ್ಕೊಳಗಾದುದು ಬ್ಯಾಟರಿಯಲ್ಲ, ಬೇರೊಂದು ರಾಸಾಯನಿಕ. ಆದರೆ ಲೆಕ್ಕ ಒಂದೇ. 'ಜನರಲ್ ಆವರೇಜ್' ಘೋಷಣೆಯಾಗಿ, ರಕ್ಷಣಾ ವೆಚ್ಚಕ್ಕೆ ಸರಕಿನ ಮೌಲ್ಯದ ಶೇಕಡ 42.5, ಸಾಮಾನ್ಯ ಹಾನಿಗೆ ಶೇಕಡ 11.5 ಭದ್ರತೆ ಕೇಳಲಾಯಿತು. 20 ಲಕ್ಷ ರೂಪಾಯಿಯ ಸರಕು ಬಿಡಿಸಿಕೊಳ್ಳಲು 10.80 ಲಕ್ಷ ರೂಪಾಯಿ! ವಿಮೆಯಿದ್ದವರ ಪರವಾಗಿ ಕಂಪನಿ ಖಾತರಿ ಕೊಡುತ್ತದೆ. ಇಲ್ಲದವರು ನಗದು ಹೊಂದಿಸಬೇಕು. 2025ರ ಜೂನ್‌ನಲ್ಲಿ ಕೇರಳದ ಕರಾವಳಿಯಾಚೆ 'ವಾನ್ ಹೈ 503' ಉರಿದಾಗ, 22 ಮಂದಿಯ ಪೈಕಿ ಉಳಿದ 18 ಮಂದಿಯನ್ನು ಕರೆತಂದುದು ಮಂಗಳೂರಿಗೆ, ನಾಲ್ವರು ಕಣ್ಮರೆಯಾದರು. ಅಲ್ಲಿನ ಬೆಂಕಿಗೂ ಬ್ಯಾಟರಿಗೂ ನಂಟು ಕಲ್ಪಿಸುವುದು ಸಲ್ಲದು. ಸರಕಿನ ಬೆಂಕಿ ಎಷ್ಟು ಹತ್ತಿರದ ಸಂಗತಿ ಎಂಬುದಕ್ಕಷ್ಟೇ ಈ ಉಲ್ಲೇಖ.

ಸಣ್ಣ ರವಾನೆದಾರನ ಸಂಕಟವನ್ನೂ ಒಪ್ಪಬೇಕು. ಹತ್ತು ಪೆಟ್ಟಿಗೆ ಬ್ಯಾಟರಿಯನ್ನು ಇತರರ ಮಾಲಿನೊಂದಿಗೆ ಹಂಚಿಕೆಯ ಕಂಟೇನರಿನಲ್ಲಿ ಸೇರಿಸಿಕೊಳ್ಳಲು ಅನೇಕ ಏಜೆಂಟರು ಹಿಂಜರಿಯುತ್ತಾರೆ; ಸತ್ಯ ಬರೆದರೆ ಜಾಗವಿಲ್ಲ, ಸುಳ್ಳು ಬರೆದರೆ ನಾಳೆಯೇ ಹಡಗು. ಸುಂಕದ ಕಾಗದದಲ್ಲಿ 8507 60ರಡಿ ಬ್ಯಾಟರಿಯೇ ಆಗಿರುವ ಮಾಲು ಬುಕಿಂಗ್ ಕಾಗದದಲ್ಲಿ 'ಎಲೆಕ್ಟ್ರಿಕಲ್ ಸಾಮಾನು' ಆಗುವುದು ಹೀಗೆ. ಬರೀ ದಂಡದಿಂದ ಇದು ನಿಲ್ಲದು. ಮೂಲದ ಪ್ರಮಾಣಪತ್ರ ಕೊಡುವ ಹೊಣೆಯನ್ನು ಈಗಾಗಲೇ ಹೊತ್ತಿರುವ ವಾಣಿಜ್ಯ ಮಂಡಳಿಗಳು, ಐಎಂಡಿಜಿ ತರಬೇತಿ ಪಡೆದ ಕೆಲವರನ್ನು ಗೊತ್ತುಮಾಡಿ, ಸದಸ್ಯರ ಗೋದಾಮಿಗೇ ಕಳುಹಿಸುವ ಏರ್ಪಾಡು ಮಾಡಬಹುದು. ನಾಲ್ಕಾರು ಸದಸ್ಯರ ಬ್ಯಾಟರಿಗಳು ಒಂದೇ ಕಂಟೇನರಿಗೆ ಸೇರಿದರೆ ಪೂರ್ಣ ಕಂಟೇನರು ಗೊತ್ತುಮಾಡುವುದೂ ಸಾಧ್ಯವಾದೀತು. ತಪಾಸಣೆಯ ಶುಲ್ಕವನ್ನು ಕಂಟೇನರಿಗೆ ಇಷ್ಟೆಂದು ನಿಗದಿಪಡಿಸಿದಲ್ಲಿ, ಪ್ಯಾಕಿಗೆ ಎಷ್ಟು ಬೀಳುತ್ತದೆಂದು ವೆಚ್ಚಪಟ್ಟಿಯಲ್ಲಿ ತೋರಿಸಿ ಖರೀದಿದಾರನಿಂದಲೇ ವಸೂಲು ಮಾಡಲು ಬರುತ್ತದೆ.