ಡೇರೆ ಯಾರಿಗೆ, ಒಲೆ ಯಾರಿಗೆ?

ರಜೆ ಬಂತೆಂದರೆ ನಮ್ಮ ಗುಂಡ್ಲುಪೇಟೆ, ಚಾಮರಾಜನಗರದ ಮನೆಗಳಲ್ಲೂ ಈಗ ‘ಕ್ಯಾಂಪಿಂಗ್’ ಮಾತು. ಡೇರೆ ಹಾಕೋಣವೇ, ರೆಸಾರ್ಟಿಗೆ ಹೋಗೋಣವೇ ಎಂದು ಗಂಡಸರೂ ಮಕ್ಕಳೂ ಗಂಟೆಗಟ್ಟಲೆ ಚರ್ಚೆ ಮಾಡುತ್ತಾರೆ. ಅಲ್ಲಿ ಒಲೆ ಹಚ್ಚುವವರು ಯಾರು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಅದು ಕೇಳದೆಯೇ ತೀರ್ಮಾನವಾಗಿರುತ್ತದೆ!

“ಅತ್ತಿಗೇ, ಬಯಲಲ್ಲಿ ಮೂರು ಕಲ್ಲಿಟ್ಟು ಬೇಯಿಸಿದ ಅನ್ನದ ರುಚಿಯೇ ಬೇರೆ” ಎನ್ನುತ್ತಾನೆ ನನ್ನ ಮೈದುನ. ನಿಜ, ತಿನ್ನುವವರಿಗೆ ರುಚಿ. ಹೊಗೆಯಲ್ಲಿ ಕಣ್ಣು ಉರಿಸಿಕೊಂಡು ಒಲೆ ಊದುವವಳಿಗೆ ಅದೂ ಅಡುಗೆಮನೆಯೇ. ನಲ್ಲಿಯೊಂದು ಇಲ್ಲ, ಅಷ್ಟೆ. ಮುಟ್ಟಾದ ಮಗಳಿಗೆ, ರಾತ್ರಿ ಎರಡು ಸಲ ಏಳಬೇಕಾದ ಅತ್ತೆಗೆ ಶೌಚಾಲಯ ಎಲ್ಲಿ? ಅದನ್ನೂ ನಾವೇ ಯೋಚಿಸಬೇಕು.

ಇನ್ನು ಕಾಡಿನಂಚಿನಲ್ಲಿ ಬೆಂಕಿ ಹಾಕಿ ಕೂರುವ ಹುಚ್ಚು. ಬಂಡೀಪುರ 1973ರಲ್ಲೇ ಹುಲಿ ಯೋಜನೆಗೆ ಸೇರಿದ ಕಾಡು. 2009ರಿಂದ ಅದರ ನಡುವಿನ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರಕ್ಕೆ ನಿರ್ಬಂಧವಿದೆ. ಗೋಪಾಲಸ್ವಾಮಿ ಬೆಟ್ಟಕ್ಕೆ ಸ್ವಂತ ಕಾರು ಹತ್ತುವಂತಿಲ್ಲ, ತಪ್ಪಲಿನಿಂದ ಸರ್ಕಾರಿ ಬಸ್ಸೇ ಗತಿ. 2019ರ ಫೆಬ್ರವರಿಯ ಕಾಳ್ಗಿಚ್ಚಿನಲ್ಲಿ ಇಲ್ಲಿ ಸಾವಿರಾರು ಎಕರೆ ಸುಟ್ಟುಹೋಯಿತು. ಇಂಥ ಕಡೆ ಒಲೆ ಹೂಡಲು ನಾವು ಯಾರು?

ಹಾಗಾದರೆ ಹೆಂಗಸರು ಮನೆಯಲ್ಲೇ ಇರಬೇಕೆ? ಖಂಡಿತ ಬೇಡ. ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ, ಕ್ಯಾತದೇವರ ಗುಡಿಯಲ್ಲಿ ಜಂಗಲ್ ಲಾಡ್ಜಸ್‌ನವರ ಡೇರೆಗಳಿವೆ. ಮಂಚ, ಸ್ನಾನದ ಮನೆ, ಬಡಿಸುವವರು ಎಲ್ಲ ಉಂಟು. ಆದರೆ ಸಂಬಳದ ಸಂಸಾರಕ್ಕೆ ದುಬಾರಿ. ಕೈಯಲ್ಲಿ ಕಾಸು ಕಡಿಮೆಯಿದ್ದರೆ ಬಸ್ಸು ಹತ್ತಿ ಮಾದಪ್ಪನ ಬೆಟ್ಟಕ್ಕೆ ಹೋಗಿ. ಉಳಿಯಲು ದೇವಸ್ಥಾನದ ಕೋಣೆಗಳಿವೆ, ದಾಸೋಹದಲ್ಲಿ ಊಟವಿದೆ. ಹೆಂಗಸರು ಎಲ್ಲರೊಂದಿಗೆ ಪಂಕ್ತಿಯಲ್ಲಿ ಕೂತು, ಇನ್ನೊಬ್ಬರು ಬಡಿಸಿದ ಬಿಸಿಯನ್ನ ಉಣ್ಣುತ್ತಾರೆ. ಐಷಾರಾಮಿಯೆಂದರೆ ನನ್ನ ಲೆಕ್ಕದಲ್ಲಿ ಅದೇ.

ಶಿವರಾತ್ರಿಗೆ ಅದೇ ಬೆಟ್ಟಕ್ಕೆ ನಡೆದು ಹೋಗುವ ಹೆಂಗಸರು ದಾರಿಯಲ್ಲಿ ಬಯಲಲ್ಲೇ ಮಲಗುವುದಿಲ್ಲವೇ ಎಂದು ನೀವು ಕೇಳಬಹುದು. ಮಲಗುತ್ತಾರೆ. ಆದರೆ ಹರಕೆ ಅವರದು, ಕಾಲು ಅವರದು. ತಾನಾಗಿ ಹೊತ್ತ ಕಷ್ಟಕ್ಕೂ ಇನ್ನೊಬ್ಬರ ಮೋಜಿಗಾಗಿ ಹೊತ್ತ ಕಷ್ಟಕ್ಕೂ ವ್ಯತ್ಯಾಸ ಬೇಡವೇ? ಡೇರೆಯಲ್ಲಿ ಮಲಗಿ ನಕ್ಷತ್ರ ನೋಡುವ ಆಸೆ ನಿಮಗೇ ಇದ್ದರೆ, ಅನುಮತಿಯಿರುವ ಜಾಗ ಹುಡುಕಿ ಧಾರಾಳವಾಗಿ ಹೋಗಿ. ಗಂಡ ಅನ್ನಕ್ಕಿಡಲಿ, ಮಗ ಪಾತ್ರೆ ತೊಳೆಯಲಿ.

ಅಕ್ಕಂದಿರೇ, ತಂಗಿಯರೇ, ನಮ್ಮ ಸಂಸಾರಕ್ಕೆ ಯಾವ ಬಗೆಯ ಬಿಡಾರ ಒಗ್ಗುತ್ತದೆ ಎಂದು ಅಂಗಡಿಯವನನ್ನು ಕೇಳಬೇಡಿ. ಹೊರಡುವ ಮುನ್ನ ಒಂದು ಹಾಳೆಯಲ್ಲಿ ಅಲ್ಲಿಯ ಕೆಲಸಗಳನ್ನೆಲ್ಲ ಬರೆಯಿರಿ. ನೀರು ತರುವುದು, ಕಾಯಿ ತುರಿಯುವುದು, ಹಾಸಿಗೆ ಸುತ್ತುವುದು, ಯಾವುದನ್ನೂ ಬಿಡಬೇಡಿ. ಒಂದೊಂದರ ಮುಂದೆಯೂ ಮಾಡುವವರ ಹೆಸರು ಬರೆಸಿ. ಎಲ್ಲ ಸಾಲಿನಲ್ಲೂ ನಿಮ್ಮದೇ ಹೆಸರು ಬಂದರೆ, “ನೀವು ಹೋಗಿಬನ್ನಿ, ನಾನು ಮನೆಯಲ್ಲೇ ಎರಡು ದಿನ ಸುಖವಾಗಿ ನಿದ್ದೆ ಮಾಡುತ್ತೇನೆ” ಎಂದುಬಿಡಿ.