ಕಾಯಿಲ್ ತುಂಡಾದರೆ ಕತ್ತರಿಸಿ ಕಟ್ಟಬಹುದೇ?

"ಸಾರ್, ನೀವು ಹೇಳಿಕೊಟ್ಟ ಲೆಕ್ಕ ತಪ್ಪಾಗಿದೆ."

ಹತ್ತನೇ ತರಗತಿಯ ಹುಡುಗನೊಬ್ಬ ಹೀಗೆಂದಾಗ ನನಗೆ ಸಿಟ್ಟು ಬರಲಿಲ್ಲ, ಸಂತೋಷವಾಯಿತು. ಪುಸ್ತಕದಲ್ಲಿರುವುದನ್ನು ಪರೀಕ್ಷಿಸಿ ನೋಡುವ ಮಕ್ಕಳು ಸಿಗುವುದೇ ಅಪರೂಪ.

ಎಲ್‌ಇಡಿ ದೀಪಗಳು ಬಂದ ಮೇಲೆ ಮೂಲೆ ಸೇರಿದ್ದ ಹಳೆಯ ನೂರು ವ್ಯಾಟ್ ಬಲ್ಬೊಂದನ್ನು ಅವನು ಶಾಲೆಗೆ ತಂದಿದ್ದ. ಪ್ರಯೋಗಶಾಲೆಯ ಮಲ್ಟಿಮೀಟರಿನಿಂದ ಅದರ ರೋಧವನ್ನು ಅಳೆದಿದ್ದ. ಸುಮಾರು 40 ಓಮ್ ಬಂದಿತ್ತು. ವೋಲ್ಟೇಜನ್ನು ವೋಲ್ಟೇಜಿನಿಂದಲೇ ಗುಣಿಸಿ ರೋಧದಿಂದ ಭಾಗಿಸಿದರೆ ವ್ಯಾಟ್ ಸಿಗಬೇಕಲ್ಲವೇ? 230ನ್ನು 230ರಿಂದ ಗುಣಿಸಿದರೆ 52,900. ಅದನ್ನು 40ರಿಂದ ಭಾಗಿಸಿದರೆ 1,322 ವ್ಯಾಟ್! ಬಲ್ಬಿನ ಮೇಲೆ ಬರೆದಿರುವುದು ನೂರು. ತಪ್ಪು ಯಾರದ್ದು? ಬಲ್ಬಿನದೋ, ಮೀಟರಿನದೋ, ಮೇಷ್ಟ್ರದೋ?

ಯಾರದ್ದೂ ಅಲ್ಲ. ಅವನು ಅಳೆದದ್ದು ತಣ್ಣಗಿದ್ದ ಬಲ್ಬನ್ನು. ಉರಿಯುವಾಗ ಅದರೊಳಗಿನ ಟಂಗ್‌ಸ್ಟನ್ ತಂತು ಸುಮಾರು 2,500 ಡಿಗ್ರಿ ಸೆಲ್ಸಿಯಸ್ ಕಾಯುತ್ತದೆ. ಆಗ ಅದರ ರೋಧ 529 ಓಮ್‌ಗೆ ಏರುತ್ತದೆ, ಅಂದರೆ ಹದಿಮೂರು ಪಟ್ಟು! ಬಲ್ಬುಗಳು ಹೆಚ್ಚಾಗಿ ಸ್ವಿಚ್ ಹಾಕಿದ ಕ್ಷಣದಲ್ಲೇ ಸುಟ್ಟುಹೋಗುತ್ತಿದ್ದುದನ್ನು ಹಿರಿಯರು ನೋಡಿರುತ್ತಾರೆ. ತಣ್ಣಗಿರುವ ತಂತುವಿನಲ್ಲಿ ಮೊದಲ ಕ್ಷಣ ವಿದ್ಯುತ್ ಪ್ರವಾಹ ಹಲವು ಪಟ್ಟು ನುಗ್ಗುತ್ತದೆ. ತಂತು ಕಾದಂತೆ ರೋಧ ಏರಿ, ತನಗೆ ತಾನೇ ಕಡಿವಾಣ ಹಾಕಿಕೊಳ್ಳುತ್ತದೆ.

"ಹಾಗಾದ್ರೆ ಹೀಟರ್ ಕಾಯಿಲ್ಲೂ ಹಂಗೇನಾ ಸಾರ್?" ಎಂದ. ಪ್ರಯೋಗಶಾಲೆಯಲ್ಲಿದ್ದ ಸಾವಿರ ವ್ಯಾಟಿನ ಕಾಯಿಲನ್ನು ಅಳೆದೆವು. 50 ಓಮ್ ಬಂತು. ಲೆಕ್ಕ ಹಾಕಿದರೆ 1,058 ವ್ಯಾಟ್. ಬರೆದಿದ್ದಕ್ಕೂ ಅಳೆದಿದ್ದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಕೆಂಪಗೆ ಕಾದಾಗಲೂ ಈ ಕಾಯಿಲಿನ ರೋಧ ಏರುವುದು ನೂರಕ್ಕೆ ಐದಾರು ಪಾಲು ಮಾತ್ರ.

ಏಕೆ ಹೀಗೆ? ನಮ್ಮ ಕಡೆಯ ಹಿಪ್ಪುನೇರಳೆ ತೋಟವನ್ನು ನೆನೆಸಿಕೊಳ್ಳಿ. ಸಾಲು ಸಾಲಾಗಿ ನೆಟ್ಟ ತೋಟದಲ್ಲಿ ಗಾಳಿಯಿಲ್ಲದಾಗ ಸಲೀಸಾಗಿ ನಡೆದುಹೋಗಬಹುದು. ಜೋರು ಗಾಳಿ ಬೀಸಿ ರೆಂಬೆಗಳು ಓಲಾಡಿದರೆ ಹೆಜ್ಜೆಹೆಜ್ಜೆಗೂ ಮೈಗೆ ಬಡಿಯುತ್ತವೆ. ಶುದ್ಧ ಲೋಹ ಇಂಥ ತೋಟ. ಪರಮಾಣುಗಳು ಸಾಲಾಗಿ ನಿಂತಿರುತ್ತವೆ. ಶಾಖ ಹೆಚ್ಚಿದಂತೆ ಅವು ಹೆಚ್ಚು ಓಲಾಡಿ ಎಲೆಕ್ಟ್ರಾನುಗಳ ದಾರಿಗೆ ಅಡ್ಡ ಬರುತ್ತವೆ. ಆದರೆ ಕಾಯಿಲಿನ ತಂತಿ ನೈಕ್ರೋಮ್ ಎಂಬ ಮಿಶ್ರಲೋಹ. ಸಾಮಾನ್ಯವಾಗಿ ಅದರಲ್ಲಿ 80 ಪಾಲು ನಿಕ್ಕಲ್, 20 ಪಾಲು ಕ್ರೋಮಿಯಂ. ಎರಡು ಬಗೆಯ ಪರಮಾಣುಗಳು ಅಡ್ಡಾದಿಡ್ಡಿ ಬೆರೆತಿರುವ ಅದು ಲಂಟಾನ ಪೊದೆಯಿದ್ದಂತೆ. ಅದರೊಳಗೆ ನುಸುಳುವವನಿಗೆ ಗಾಳಿ ಬೀಸಿದರೂ ಒಂದೇ, ಬೀಸದಿದ್ದರೂ ಒಂದೇ!

ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಅದರ ಮರುವರ್ಷ, 1906ರಲ್ಲಿ, ಅಮೆರಿಕದ ಆಲ್ಬರ್ಟ್ ಮಾರ್ಷ್ ಈ ಬಗೆಯ ಮಿಶ್ರಲೋಹಕ್ಕೆ ಪೇಟೆಂಟ್ ಪಡೆದ. ಕಬ್ಬಿಣದ ತಂತಿಯನ್ನೇ ಏಕೆ ಬಳಸಬಾರದು ಎನ್ನುವಿರಾ? 800 ಡಿಗ್ರಿಯಲ್ಲಿ ಕಬ್ಬಿಣದ ರೋಧ ಸುಮಾರು ಹತ್ತು ಪಟ್ಟು ಏರುತ್ತದೆ. ಕಾದ ಮೇಲೆ ನಾಲ್ಕೂ ಚಿಲ್ಲರೆ ಆಂಪಿಯರ್ ಎಳೆಯುವ ಒಲೆ, ಸ್ವಿಚ್ ಹಾಕಿದೊಡನೆ ನಲವತ್ತಕ್ಕೂ ಹೆಚ್ಚು ಎಳೆದು ಫ್ಯೂಸ್ ಹಾರಿಸುತ್ತದೆ. ಜೊತೆಗೆ ಕೆಂಪಗೆ ಕಾದ ಕಬ್ಬಿಣ ಗಾಳಿಯಲ್ಲಿ ಬೇಗ ಸವೆಯುತ್ತದೆ. ನೈಕ್ರೋಮಿನ ಮೈಮೇಲಾದರೋ ಕ್ರೋಮಿಯಂ ಆಕ್ಸೈಡಿನ ತೆಳುಪೊರೆ ಮೂಡಿ ಒಳಗಿನ ಲೋಹವನ್ನು ಕಾಪಾಡುತ್ತದೆ.

ಇಷ್ಟು ವಿವರಿಸಿದ ಮೇಲೆ ಹುಡುಗನ ಮುಖ ಸಪ್ಪಗಾಯಿತು. "ಸಾರ್, ನಮ್ಮ ಹುಳದ ಮನೆ ಹೀಟರ್ ಕಾಯಿಲ್ ಮೊನ್ನೆ ತುಂಡಾಯ್ತು. ಅಪ್ಪ ಸುಟ್ಟಿರೋ ಭಾಗ ಕತ್ತರಿಸಿ ಉಳಿದದ್ದನ್ನೇ ತಿರುಚಿ ಕಟ್ಟವ್ರೆ. ಐದರಲ್ಲಿ ಒಂದು ಪಾಲು ಹೋಗಿದೆ."

ಅವರದು ಕನಕಪುರದ ಕಡೆಯ ಹಳ್ಳಿ. ಚಳಿಗಾಲವಾದ್ದರಿಂದ ಚಾಕಿ ಹುಳುಗಳಿಗೆ ಕೋಣೆಯನ್ನು 26ರಿಂದ 28 ಡಿಗ್ರಿಯಲ್ಲಿ ಇಡಬೇಕು. ಬಿದಿರಿನ ತಟ್ಟೆ, ಮೇಣದ ಕಾಗದ, ಪಕ್ಕದಲ್ಲೇ ತೆರೆದ ಕಾಯಿಲ್. ಅಂದೇ ಸಂಜೆ ಹುಡುಗನ ಜೊತೆ ಬಸ್ಸು ಹತ್ತಿದೆ.

"ಬನ್ನಿ ಮೇಷ್ಟ್ರೇ" ಎಂದು ತಂದೆ ಉಪಚರಿಸಿದರು. "ಕಾಯಿಲ್ ಕಟ್ಟಿದ್ಮೇಲೆ ಮೊದ್ಲಿಗಿಂತ ಚೆನ್ನಾಗೇ ಕಾಯ್ತಾ ಅದೆ ಸಾ" ಎಂದು ಹೆಮ್ಮೆಯಿಂದ ತೋರಿಸಿದರು. ಅವರ ಮಾತು ಸುಳ್ಳಲ್ಲ. ಸಂಜೆ ಅವರ ಊರಿನಲ್ಲಿ ವೋಲ್ಟೇಜ್ 200ಕ್ಕೆ ಇಳಿಯುತ್ತದೆ. ಆಗ ಸಾವಿರ ವ್ಯಾಟಿನ ಹೀಟರ್ ಕೊಡುವುದು ಸುಮಾರು 756 ವ್ಯಾಟ್ ಮಾತ್ರ. ಕಾಯಿಲ್ ಗಿಡ್ಡವಾದ ಮೇಲೆ 945 ಬರುತ್ತಿತ್ತು.

"ಯಜಮಾನ್ರೇ, ನಡುರಾತ್ರಿ ಏನಾಗ್ತದೆ ನೋಡಿ" ಎಂದು ಹುಡುಗನಿಂದಲೇ ಲೆಕ್ಕ ಹಾಕಿಸಿದೆ. ಊರೆಲ್ಲ ಮಲಗಿದ ಮೇಲೆ ವೋಲ್ಟೇಜ್ 230ಕ್ಕೆ ಏರುತ್ತದೆ. ಐದರಲ್ಲಿ ನಾಲ್ಕು ಪಾಲು ಉಳಿದ ಕಾಯಿಲ್ ಆಗ 1,250 ವ್ಯಾಟ್ ಎಳೆಯುತ್ತದೆ. ಅಷ್ಟೂ ಶಾಖವನ್ನು ಗಿಡ್ಡ ತಂತಿಯೇ ಹೊರಬೇಕು. ಮೊದಲು ಒಂದು ಅಂಗುಲ ತಂತಿಗೆ ನೂರು ಪಾಲು ಶಾಖವಿದ್ದರೆ ಈಗ 156 ಪಾಲು! ಪ್ರವಾಹ 5.4 ಆಂಪಿಯರ್, ಗೋಡೆಯಲ್ಲಿದ್ದ ಹಳೆಯ ಸಾಕೆಟ್ ಐದು ಆಂಪಿಯರಿನದು. ತಿರುಚಿ ಕಟ್ಟಿದ ಗಂಟು ಸಡಿಲವಾದರೆ ಅಲ್ಲೇ ಕಿಡಿ. ಟಂಗ್‌ಸ್ಟನ್ ಆಗಿದ್ದರೆ ಹೆಚ್ಚು ಕಾದಾಗ ರೋಧ ಏರಿಸಿ ಸ್ವಲ್ಪವಾದರೂ ತಡೆಯುತ್ತಿತ್ತು. ನೈಕ್ರೋಮ್ ತಡೆಯುವುದಿಲ್ಲ. ರೋಧ ಬದಲಾಗದೆ ಇರುವುದೇ ಅದರ ಗುಣ. ಕತ್ತರಿಸಿ ಕಟ್ಟಿದಾಗ ಆ ಗುಣವೇ ಅಪಾಯವಾಗುತ್ತದೆ.

ಯಜಮಾನರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಎದ್ದು ಪ್ಲಗ್ ಕಿತ್ತರು. ಆ ರಾತ್ರಿ ಇದ್ದಿಲ ಕುಂಪಟೆಯಲ್ಲಿ ಕಳೆಯಿತು. ಹೊಗೆಯಾಡದ ಕೆಂಡವನ್ನಷ್ಟೇ ಇಟ್ಟು, ಗಾಳಿ ಆಡುವಂತೆ ಕಿಟಕಿ ತೆರೆದು, ಅಪ್ಪ ಮಗ ಸರದಿಯಲ್ಲಿ ಕಾದರಂತೆ. ಮರುದಿನ ಹೊಸ ಕಾಯಿಲ್ ಬಂತು. ಹೀಟರನ್ನು ತಟ್ಟೆಗಳಿಂದ ದೂರ ಸರಿಸಿದರು. ಮೂರು ವಾರ ಕಳೆದ ಮೇಲೆ ಹುಡುಗ ಒಂದು ದಿನ ಶಾಲೆ ತಪ್ಪಿಸಿದ. ಕೇಳಿದರೆ, ಗೂಡು ಹೊತ್ತು ಅಪ್ಪನ ಜೊತೆ ರಾಮನಗರದ ಮಾರುಕಟ್ಟೆಗೆ ಹೋಗಿದ್ದನಂತೆ. ಗೈರುಹಾಜರಿಗೆ ನಾನು ಬೈಯಲಿಲ್ಲ.

ಪೋಷಕರಿಗೆ ಒಂದು ಮಾತು. ತುಂಡಾದ ಕಾಯಿಲನ್ನು ಕತ್ತರಿಸಿ ಕಟ್ಟಬೇಡಿ, ಅದೇ ವ್ಯಾಟಿನ ಹೊಸದನ್ನೇ ಹಾಕಿಸಿ. ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ರೋಧ ಅಳೆಯುವಾಗ ಉಪಕರಣ ಪ್ಲಗ್ಗಿನಿಂದ ಹೊರಗೇ ಇರಬೇಕು, ದೊಡ್ಡವರು ಜೊತೆಗಿರಬೇಕು.

ಈ ವಾರದ ಪ್ರಶ್ನೆ: ವೋಲ್ಟೇಜ್ 180ಕ್ಕೆ ಇಳಿದರೆ ಸಾವಿರ ವ್ಯಾಟಿನ ಕಾಯಿಲ್ ಎಷ್ಟು ವ್ಯಾಟ್ ಕೊಡುತ್ತದೆ? ಅದೇ ಸೂತ್ರದಿಂದ ನೂರು ವ್ಯಾಟಿನ ಹಳೆಯ ಬಲ್ಬಿನ ಲೆಕ್ಕ ಹಾಕಿದರೆ ಉತ್ತರ ಏಕೆ ಸರಿಹೋಗುವುದಿಲ್ಲ? ಯೋಚಿಸಿ, ಮುಂದಿನ ವಾರ ನೋಡೋಣ.