ಪೆಟ್ಟಿಗೆಯ ಮೇಲಣ ಹೆಸರು

ಈ ತಿಂಗಳು ನಾವು ವಾಚಕ ಮಹಾಶಯರ ಮುಂದಿಡಬೇಕೆಂದಿರುವ ವಿಷಯವು ಮೊದಲ ನೋಟಕ್ಕೆ ಮಕ್ಕಳಾಟದಂತೆ ತೋರಬಹುದು. ಟೆಲಿವಿಷನ್ನಿಗೆ ಜೋಡಿಸಿ ಆಡತಕ್ಕ ವಿಡಿಯೋ ಗೇಮ್ ಯಂತ್ರಗಳು ಈಗ ಅನೇಕ ಮನೆಗಳನ್ನು ಹೊಕ್ಕಿವೆ. ಹೊಗದ ಮನೆಗಳಲ್ಲಿ ಬೇಕೆಂಬ ಹಟವು ನಡೆದೇ ಇದೆ. ಅವುಗಳ ಬೆಲೆಯಾದರೋ ಹತ್ತಾರು ಸಾವಿರ ರೂಪಾಯಿಗಳು. ಆಡುವ ಹುಡುಗನು ಯಂತ್ರದ ಒಳಹೊರಗನ್ನೆಲ್ಲ ಬಲ್ಲನು. ಆದರೆ ಹಣ ತೆರತಕ್ಕವನು ಅವನಲ್ಲ. ತೆರತಕ್ಕ ಹಿರಿಯರಿಗೆ ಅಂಗಡಿಯಲ್ಲಿ ದಾರಿ ತೋರಿಸುವುದು ಪೆಟ್ಟಿಗೆಯ ಮೇಲೆ ಅಚ್ಚಾದ ಹೆಸರೊಂದೇ. ಆ ಹೆಸರು ತನ್ನ ಕೆಲಸವನ್ನು ಮಾಡದೆ ಹೋದರೆ ಮಾರುವವನಿಗೂ ನಷ್ಟ, ಕೊಳ್ಳುವವನಿಗೂ ನಷ್ಟ. ಇದನ್ನರಿಯಲು ನಿಂಟೆಂಡೊ ಎಂಬ ಜಪಾನೀ ಸಂಸ್ಥೆಯ ಅನುಭವವನ್ನು ಕೊಂಚ ಪರಿಶೀಲಿಸೋಣ.

೧೮೮೯ರಲ್ಲಿ ಕ್ಯೋಟೋ ನಗರದಲ್ಲಿ ಆಟದ ಎಲೆಗಳನ್ನು ತಯಾರಿಸುವುದಕ್ಕೆಂದು ಹುಟ್ಟಿದ ಈ ಸಂಸ್ಥೆಯು, ೧೯೮೩ರಲ್ಲಿ ‘ಫ್ಯಾಮಿಲಿ ಕಂಪ್ಯೂಟರ್’ ಎಂಬ ಯಂತ್ರವನ್ನು ತನ್ನ ದೇಶದಲ್ಲಿ ಮಾರಾಟಕ್ಕಿಟ್ಟಿತು. ಅದೇ ವರ್ಷ ಅಮೆರಿಕದಲ್ಲಿ ಈ ವ್ಯಾಪಾರವು ಕುಸಿದುಬಿದ್ದಿತು. ಕಳಪೆ ಆಟಗಳು ಅಂಗಡಿಗಳಲ್ಲಿ ರಾಶಿಬಿದ್ದು, ವಿಡಿಯೋ ಗೇಮ್ ಎಂದರೆ ವರ್ತಕರು ಮುಖ ತಿರುಗಿಸುವಂತಾಯಿತು. ೧೯೮೫ರಲ್ಲಿ ನಿಂಟೆಂಡೊದವರು ತಮ್ಮ ಯಂತ್ರವನ್ನು ಅಲ್ಲಿಗೊಯ್ದಾಗ ಅದರ ರೂಪವನ್ನೂ ಹೆಸರನ್ನೂ ಮಾರ್ಪಡಿಸಿದರು. ‘ನಿಂಟೆಂಡೊ ಎಂಟರ್‌ಟೈನ್‌ಮೆಂಟ್ ಸಿಸ್ಟಮ್’, ಎಂದರೆ ವಿನೋದದ ಸಾಧನವೆಂದು ಕರೆದರು. ಯಂತ್ರದ ಒಡಲು ‘ಕಂಟ್ರೋಲ್ ಡೆಕ್’ ಆಯಿತು; ಆಟದ ಕಾರ್ಟ್ರಿಜ್ಜು ‘ಗೇಮ್ ಪ್ಯಾಕ್’ ಆಯಿತು; ಆಟಿಕೆಯ ರೋಬೋಟೊಂದು ಜತೆಗೂಡಿತು. ಹೆದರಿದ್ದ ವರ್ತಕನು ಬಾಗಿಲು ತೆರೆಯಲು ಇದು ನೆರವಾಯಿತು. ಒಳಹೊಕ್ಕ ಮೇಲೆ ಆಟಗಳ ಸೊಗಸೇ ಯಂತ್ರವನ್ನು ನೆಲೆಗೊಳಿಸಿತು. ಎರಡು ಹೆಸರುಗಳಿಂದಲೂ ಸೇರಿ ಆರು ಕೋಟಿಗೆ ಮೇಲ್ಪಟ್ಟು ಯಂತ್ರಗಳು ಮಾರಾಟವಾದುವು.

೨೦೦೬ರಲ್ಲಿ ಇದೇ ಸಂಸ್ಥೆಯು ‘ವೀ’ ಎಂಬ ಯಂತ್ರವನ್ನು ಹೊರತಂದಿತು. ಇಂಗ್ಲಿಷಿನಲ್ಲಿ ‘ನಾವು’ ಎಂಬರ್ಥದ ಪದದಂತೆ ಅದು ಕಿವಿಗೆ ಕೇಳುತ್ತದೆ. ಬರಹದಲ್ಲಿ ಕೊನೆಯ ಎರಡು ಅಕ್ಷರಗಳು ಪಕ್ಕಪಕ್ಕದಲ್ಲಿ ನಿಂತ ಇಬ್ಬರು ಮನುಷ್ಯರಂತೆ ಕಾಣುತ್ತವೆ. ಆದರೆ ಆ ಸದ್ದು ಇಂಗ್ಲಿಷ್ ಮಾತನಾಡುವ ಮನೆಗಳಲ್ಲಿ ಶಿಶುಗಳ ಮೂತ್ರಶಂಕೆಯ ಮಾತನ್ನೂ ನೆನಪಿಗೆ ತರುವುದರಿಂದ, ಹೆಸರು ಹೊರಬಿದ್ದಾಗ ನಕ್ಕವರು ಬಹಳ. ಆದರೂ ಅದು ಚಿಕ್ಕದು, ಯಾವ ನಾಡಿನವರ ನಾಲಗೆಗೂ ಸುಲಭವಾದುದು, ಹಿಂದೆ ಮತ್ತೊಂದಕ್ಕೆ ಇಲ್ಲದುದು. ಕೈಯನ್ನು ಬೀಸಿದರೆ ಸಾಕು, ಅಜ್ಜಿಯೂ ಮೊಮ್ಮಗನೂ ಕೂಡಿ ಆಡಬಹುದಾದ ಯಂತ್ರವದು. ನಗೆಯು ಕೆಲವೇ ದಿನಗಳಲ್ಲಿ ಅಡಗಿತು. ಹತ್ತು ಕೋಟಿಗೂ ಮಿಕ್ಕಿ ಯಂತ್ರಗಳು ಮನೆಮನೆಗಳನ್ನು ಸೇರಿದುವು.

ಇಂತಹ ಹೆಸರನ್ನು ಬಿಟ್ಟುಕೊಡಲು ಯಾರಿಗೆ ತಾನೇ ಮನಸ್ಸು ಬಂದೀತು? ೨೦೧೨ರಲ್ಲಿ ಬಂದ ಮುಂದಿನ ಯಂತ್ರಕ್ಕೆ ‘ವೀ ಯೂ’ ಎಂದು ಹೆಸರಿಟ್ಟರು. ತಾತನ ಹೆಸರನ್ನು ಮೊಮ್ಮಗನಿಗಿಡುವುದು ನಮ್ಮಲ್ಲಿಯೂ ವಾಡಿಕೆಯೇ. ಆದರೆ ಮನೆಯವರು ದೊಡ್ಡ ರಾಮಯ್ಯ, ಚಿಕ್ಕ ರಾಮಯ್ಯ ಎಂದು ಗುರುತು ಹಚ್ಚಿಕೊಳ್ಳುತ್ತಾರೆ. ‘ಯೂ’ ಎಂಬ ಒಂದಕ್ಷರವು ಆ ಗುರುತನ್ನು ಹೇಳಲಾರದೆ ಹೋಯಿತು. ಇದು ಹೊಸ ಯಂತ್ರವೋ, ಹಳೆಯದಕ್ಕೆ ಸೇರಿಸತಕ್ಕ ಉಪಕರಣವೋ ಎಂಬುದೇ ಅನೇಕರಿಗೆ ತಿಳಿಯಲಿಲ್ಲ. ೨೦೧೧ರಲ್ಲಿ ಅದನ್ನು ಮೊದಲು ಪ್ರದರ್ಶಿಸಿದಾಗ ಕೈಯಲ್ಲಿ ಹಿಡಿಯುವ ಪರದೆಯನ್ನೇ ಮುಂದುಮಾಡಿ ತೋರಿಸಿದುದೂ, ಹಳೆಯ ವೀ ಯಂತ್ರದ ಕೈಗೋಲುಗಳು ಇದಕ್ಕೂ ಒಗ್ಗುತ್ತಿದ್ದುದೂ ಈ ಗೊಂದಲವನ್ನು ಹೆಚ್ಚಿಸಿದುವು. ‘ನಮ್ಮ ಮನೆಯಲ್ಲಿ ಆಗಲೇ ಒಂದು ವೀ ಇದೆ’ ಎಂದುಕೊಂಡ ಗೃಹಸ್ಥನು ಮತ್ತೊಂದಕ್ಕೆ ಹಣ ಕೊಡುವನೇ? ಜನರು ಯಂತ್ರವನ್ನು ತಪ್ಪಾಗಿ ತಿಳಿದಿರುವರೆಂದು ಸಂಸ್ಥೆಯ ಅಧ್ಯಕ್ಷರಾಗಿದ್ದ ಸತೋರು ಇವಾತಾ ಅವರೇ ಒಪ್ಪಿಕೊಳ್ಳಬೇಕಾಯಿತು. ಮಾರಾಟವಾದ ಯಂತ್ರಗಳು ಒಟ್ಟು ಒಂದು ಕೋಟಿ ಮೂವತ್ತೈದು ಲಕ್ಷದಷ್ಟು ಮಾತ್ರ. ಹಿಂದಿನದರ ಏಳರಲ್ಲೊಂದು ಪಾಲು.

ಈ ಸೋಲನ್ನೆಲ್ಲ ಹೆಸರಿನ ತಲೆಗೇ ಕಟ್ಟುವುದು ನ್ಯಾಯವಲ್ಲ. ಹೊಸ ಆಟಗಳು ವಿರಳವಾಗಿದ್ದುವು. ಮರುವರ್ಷವೇ ಬಲಶಾಲಿಗಳಾದ ಎದುರಾಳಿಗಳು ಬಂದರು. ಹೆಸರು ಕ್ಷೀರಸಾಗರಭಟ್ಟ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲವೆಂಬ ಗಾದೆಯನ್ನು ನಾವು ಮರೆತಿಲ್ಲ. ಒಳ್ಳೆಯ ಹೆಸರು ಕೆಟ್ಟ ಸರಕನ್ನು ಉಳಿಸಲಾರದು. ಆದರೆ ಅಸ್ಪಷ್ಟವಾದ ಹೆಸರು ಒಳ್ಳೆಯ ಸರಕನ್ನು ಮರೆಮಾಡಬಲ್ಲುದು. ‘ಮಾರಿಯೋ ಕಾರ್ಟ್ ೮’ ಎಂಬ ಓಟದಾಟವು ೨೦೧೪ರಲ್ಲಿ ವೀ ಯೂ ಯಂತ್ರಕ್ಕಾಗಿ ಬಂದು ಕೋಟಿಯನ್ನು ಮುಟ್ಟಲಿಲ್ಲ. ಅದೇ ಆಟವು ಕೆಲವು ಸೇರ್ಪಡೆಗಳೊಡನೆ ೨೦೧೭ರಲ್ಲಿ ‘ಸ್ವಿಚ್’ ಎಂಬ ಹೊಸ ಯಂತ್ರಕ್ಕೆ ಬಂದು ಆರು ಕೋಟಿಯನ್ನು ದಾಟಿತು. ಆಟದಲ್ಲಿ ಕೊರತೆಯಿರಲಿಲ್ಲ, ಅದನ್ನು ಆಡತಕ್ಕ ಯಂತ್ರವು ಮನೆಗಳನ್ನು ಸೇರಿರಲಿಲ್ಲ. ಸ್ವಿಚ್ ಎಂದರೆ ಬದಲಾಯಿಸುವುದು. ಟೆಲಿವಿಷನ್ನಿನ ಮುಂದೆ ಆಡುತ್ತಿದ್ದುದನ್ನು ಕೈಗೆತ್ತಿಕೊಂಡು ಹೊರಟುಬಿಡಬಹುದೆಂಬುದನ್ನು ಹೆಸರೇ ಸಾರುತ್ತದೆ. ಅದು ಹದಿನೈದು ಕೋಟಿಗೂ ಹೆಚ್ಚು ಮಾರಾಟವಾಯಿತು. ೨೦೨೫ರ ಜೂನಿನಲ್ಲಿ ಅದರ ಉತ್ತರಾಧಿಕಾರಿಯು ಬಂದಾಗ ಸಂಸ್ಥೆಯವರು ಯಾವ ಚಮತ್ಕಾರಕ್ಕೂ ಕೈಹಾಕದೆ ‘ಸ್ವಿಚ್ ೨’ ಎಂದರು. ಮೊದಲ ನಾಲ್ಕು ದಿನಗಳಲ್ಲಿಯೇ ಮೂವತ್ತೈದು ಲಕ್ಷಕ್ಕಿಂತ ಹೆಚ್ಚು ಯಂತ್ರಗಳು ಹೋದುವು.

ಸೋನಿ ಸಂಸ್ಥೆಯವರು ಈ ಮಾರ್ಗವನ್ನು ಬಹಳ ಹಿಂದೆಯೇ ಹಿಡಿದಿದ್ದರು. ೧೯೯೪ರಲ್ಲಿ ಹುಟ್ಟಿದ ‘ಪ್ಲೇಸ್ಟೇಷನ್’ ಎರಡು, ಮೂರು, ನಾಲ್ಕು ಎಂದು ಎಣಿಸುತ್ತ ೨೦೨೦ರಲ್ಲಿ ಐದಕ್ಕೆ ಬಂದಿತು. ಎಣಿಸಬಲ್ಲ ಯಾವ ಮಗುವಿಗಾದರೂ ಯಾವುದು ಹೊಸದೆಂಬುದು ತಿಳಿದೀತು. ಮೈಕ್ರೋಸಾಫ್ಟ್‌ನವರ ಲೆಕ್ಕವಾದರೋ ಬೇರೆ: ೨೦೦೧ರಲ್ಲಿ ‘ಎಕ್ಸ್‌ಬಾಕ್ಸ್’, ೨೦೦೫ರಲ್ಲಿ ‘ಎಕ್ಸ್‌ಬಾಕ್ಸ್ ೩೬೦’, ೨೦೧೩ರಲ್ಲಿ ‘ಎಕ್ಸ್‌ಬಾಕ್ಸ್ ಒನ್’! ಮೂರನೆಯ ಮಗುವಿಗೆ ‘ಒಂದು’ ಎಂದು ಹೆಸರು. ಆ ಬಳಿಕ ‘ಒನ್ ಎಸ್’, ‘ಒನ್ ಎಕ್ಸ್’ ಎಂಬ ರೂಪಾಂತರಗಳು. ೨೦೨೦ರಲ್ಲಿ ‘ಸೀರೀಸ್ ಎಸ್’, ‘ಸೀರೀಸ್ ಎಕ್ಸ್’ ಎಂಬ ಹೊಸ ತಲೆಮಾರು. ೩೬೦ ಯಂತ್ರವು ಎಂಟು ಕೋಟಿಗೂ ಮಿಕ್ಕಿ ಮಾರಾಟವಾದುದರಿಂದ ವಕ್ರವಾದ ಹೆಸರೆಲ್ಲವೂ ಸೋಲಿಗೆ ಕಾರಣವೆನ್ನಲಾಗದು. ಆದರೆ ಉಡುಗೊರೆ ಕೊಳ್ಳಲು ಹೊರಟ ತಾಯಿಗೆ ಈ ಪಟ್ಟಿಯಿಂದ ಏನು ತಿಳಿದೀತು?

ಹೆಸರು ಅಲಂಕಾರಕ್ಕಾಗಿ ಇರತಕ್ಕುದಲ್ಲ. ಇದೇನು, ಮನೆಯಲ್ಲಿರುವುದಕ್ಕಿಂತ ಇದು ಬೇರೆಯೇ ಎಂಬ ಎರಡು ಪ್ರಶ್ನೆಗಳಿಗೆ ಅದು ಉತ್ತರ ಕೊಡಬೇಕು. ಕೊಡದ ಪಕ್ಷದಲ್ಲಿ ನಾವೇ ಎಚ್ಚರಿಕೆ ವಹಿಸತಕ್ಕುದು. ಸೀರೀಸ್ ಎಸ್ ಯಂತ್ರದಲ್ಲಿ ಡಿಸ್ಕ್ ಹಾಕಲು ಎಡೆಯೇ ಇಲ್ಲ; ಪ್ಲೇಸ್ಟೇಷನ್ ೫ರಲ್ಲಿ ‘ಡಿಜಿಟಲ್’ ಎಂಬ ಮಾತು ಸೇರಿದ ಬಗೆಯೂ ಡಿಸ್ಕಿನ ಎಡೆಯಿಲ್ಲದೆಯೇ ಬರುತ್ತದೆ. ಕೊನೆಯ ಒಂದು ಮಾತನ್ನು ಓದದೆ ತಂದರೆ, ಜತೆಯಲ್ಲಿ ತಂದ ಡಿಸ್ಕು ನಿರುಪಯೋಗವಾಗಿ ಹುಡುಗನ ಮುಖ ಬಾಡುವುದು. ಆದುದರಿಂದ ಅಂಗಡಿಗೆ ಹೊರಡುವ ಮುನ್ನ ಯಂತ್ರದ ಪೂರ್ತಿ ಹೆಸರನ್ನು, ಕೊನೆಯ ಅಕ್ಷರ ಅಂಕೆಗಳೂ ಬಿಡದಂತೆ, ಮಕ್ಕಳ ಕೈಯಿಂದಲೇ ಚೀಟಿಯಲ್ಲಿ ಬರೆಯಿಸಿಕೊಂಡು, ಪೆಟ್ಟಿಗೆಯ ಮೇಲಣ ಹೆಸರಿನೊಡನೆ ತಾಳೆನೋಡಿ ಕೊಳ್ಳುವುದು ಲೇಸು.